ಬೇಲಿ ದಾಟುವ ಹೊಗೆ

ಖಾಲಿಯಾದ ಹಾಲಿನ ಪ್ಯಾಕೆಟ್ಟಿನಷ್ಟು ಬಡಪಾಯಿ ವಸ್ತು ಅಡುಗೆಮನೆಯಲ್ಲಿ ಇನ್ನೊಂದಿಲ್ಲ. ಮೂಲೆ ಕತ್ತರಿಸಿ ಹಾಲು ಬಗ್ಗಿಸಿಕೊಳ್ಳುತ್ತೇವೆ, ಒಳಗಿಷ್ಟು ನೀರು ಹಾಕಿ ಗಲಬರಿಸಿ ಆ ನೀರನ್ನೂ ಪಾತ್ರೆಗೇ ಸುರಿಯುತ್ತೇವೆ, ಆಮೇಲೆ ಅದನ್ನು ಮರೆಯುತ್ತೇವೆ. ನಮ್ಮ ಕೊಪ್ಪದ ಕಡೆ ಮಾತ್ರ ಅದಕ್ಕೊಂದು ಪುನರ್ಜನ್ಮವಿತ್ತು. ಬಚ್ಚಲೊಲೆಯ ಮಗ್ಗುಲಿನ ಗೂಡಿನಲ್ಲಿ ಒಂದರ ಮೇಲೊಂದು ಒಣಗಿ ಕೂತಿರುತ್ತಿದ್ದ ಪ್ಯಾಕೆಟ್ಟುಗಳು, ಮಳೆಗಾಲದ ಹಸಿ ಸೌದೆ ಮೊಂಡು ಹಿಡಿದಾಗ ಅದರ ಬುಡ ಸೇರಿ, ಚರಚರನೆ ಉರಿದು, ಕರಗಿ ತೊಟ್ಟಿಕ್ಕಿ, ಹಂಡೆಯ ನೀರಿಗೆ ಬಿಸಿ ತರುತ್ತಿದ್ದವು. ನೀವು ಈ ಸೀಮೆಯವರಾದರೆ ಆ ವಾಸನೆ ನಿಮ್ಮ ಮೂಗಿಗೂ ಗೊತ್ತು. ಅದು ವಿಷದ ವಾಸನೆಯೆಂದು ಯಾರಿಗೂ ಅನಿಸಿರಲಿಲ್ಲ. ಸ್ನಾನದ ನೀರು ಕಾಯುತ್ತಿರುವ ವಾಸನೆಯೆಂದೇ ಎಲ್ಲರೂ ತಿಳಿದಿದ್ದರು.

ನಮ್ಮ ಮನೆಯಲ್ಲಿ ಆ ಒಲೆಯ ಯಜಮಾನಿಕೆ ಗಿರಿಜಕ್ಕನದು. ಗಿರಿಜಕ್ಕ ನನ್ನ ಗಂಡನ ಅಕ್ಕ. ನರಸಿಂಹರಾಜಪುರಕ್ಕೆ ಮದುವೆಯಾಗಿ ಹೋಗಿದ್ದವರು, ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದು, ಬಂದ ಮಾರನೆಯ ಬೆಳಿಗ್ಗೆಯೇ ಬಚ್ಚಲೊಲೆಯ ಮುಂದೆ ಕೂತು ಊದುಗೊಳವೆ ಕೈಗೆತ್ತಿಕೊಂಡಿದ್ದರು. ಊದುವುದಕ್ಕೆ ಬೇಕಾದಷ್ಟು ಉಸಿರು ಅವರಲ್ಲಿತ್ತು. ಅವರು ಹಾಡುಗಾರ್ತಿ. ಕಚೇರಿಯ ಹಾಡಲ್ಲ, ಮದುವೆಮನೆಯಲ್ಲಿ ಹಸೆಗೆ ಕರೆಯುವ, ಆರತಿ ಎತ್ತುವ, ಬೀಗರನ್ನು ಕೆಣಕುವ ಹಾಡುಗಳು. ಕೊಪ್ಪ, ಶೃಂಗೇರಿ, ಬಾಳೆಹೊನ್ನೂರುಗಳಲ್ಲಿ ಮದುವೆಯೆಂದರೆ ಪುರೋಹಿತರಿಗೆ ಹೇಳಿದ ಮೇಲೆ ಜನ ಗಿರಿಜಕ್ಕನಿಗೆ ಹೇಳುತ್ತಿದ್ದರು. ಮೈಕಿಲ್ಲದೆ ಹಾಡಿದರೂ ಊಟದ ಪಂಕ್ತಿಯ ಕೊನೆಯವರೆಗೆ ಕೇಳುವ ಗಂಟಲು. ಉದ್ದದ ಸಾಲನ್ನು ಒಂದೇ ಉಸಿರಿನಲ್ಲಿ ದಡ ಮುಟ್ಟಿಸುವ ಎದೆ.

ಆ ಎದೆ ಶೃಂಗೇರಿಯ ಒಂದು ಮದುವೆಯಲ್ಲಿ ಕೈಕೊಟ್ಟಿತು. ಮದುಮಗಳು ಹಸೆಯ ಮೇಲೆ ಬಂದು ನಿಂತಿದ್ದಾಳೆ, ಹಾಡು ಮೂರನೆಯ ನುಡಿಯಲ್ಲಿದೆ, ಗಿರಿಜಕ್ಕ ಒಂದು ಸಾಲಿನ ನಡುವೆ ನಿಂತುಬಿಟ್ಟರು. ಮರೆತಿರಬೇಕೆಂದುಕೊಂಡು ಪಕ್ಕದ ಹೆಂಗಸು ಮುಂದಿನ ಪದವನ್ನು ಮೆಲ್ಲಗೆ ಹೇಳಿಕೊಟ್ಟಳು. ಗಿರಿಜಕ್ಕ ತಲೆಯಾಡಿಸಿದರು. ಪದ ಬಾಯಲ್ಲೇ ಇತ್ತು, ಅದನ್ನು ಹೊರಗೆ ದೂಡುವ ಗಾಳಿ ಇರಲಿಲ್ಲ. ಮಿಕ್ಕ ಹೆಂಗಸರು ಹಾಡನ್ನು ಹೇಗೋ ಮುಗಿಸಿದರು. ವಾಪಸು ಬರುವಾಗ ಬಸ್ಸಿನಲ್ಲಿ ಅವರು ಕಿಟಕಿಯ ಸರಳನ್ನು ಹಿಡಿದುಕೊಂಡು ಕೂತಿದ್ದರು.

ಡಾಕ್ಟರು ಊದಿಸಿ ನೋಡಿದರು, ಎದೆಯ ಫೋಟೋ ತೆಗೆಸಿದರು, ಬೀಡಿ ಸೇದುವ ಅಭ್ಯಾಸ ಇತ್ತೇ ಎಂದು ಕೇಳಿದರು. ನನಗೆ ನಗು ಬಂತು, ಗಿರಿಜಕ್ಕನಿಗೆ ಅವಮಾನವಾಯಿತು. ಡಾಕ್ಟರು ಮಾತ್ರ ನಗಲಿಲ್ಲ. ಒಲೆ ಯಾವುದು, ಏನೇನು ಉರಿಸುತ್ತೀರಿ, ಸೊಳ್ಳೆಗೆ ಏನು ಹಚ್ಚುತ್ತೀರಿ, ನೆಲಕ್ಕೆ ಏನು ಹಾಕಿ ಒರೆಸುತ್ತೀರಿ ಎಂದೆಲ್ಲ ವಿಚಾರಿಸಿ, ಶ್ವಾಸಕೋಶದಲ್ಲಿ ಹೋದದ್ದು ಹೋಯಿತು, ಉಳಿದದ್ದನ್ನು ಉಳಿಸಿಕೊಳ್ಳಬೇಕಾದರೆ ಮಾತ್ರೆಗಿಂತ ಮೊದಲು ಮನೆಯನ್ನು ಸರಿಮಾಡಿ ಎಂದರು.

ಸರಿಮಾಡಿದೆವು. ಮನೆಯನ್ನು ಆರೋಗ್ಯವಾಗಿಡುವುದು ಬಹಳ ಸುಲಭದ ಕೆಲಸವೆಂದು ಆಗ ನನಗೆ ಗೊತ್ತಾಯಿತು. ಎಷ್ಟು ಸುಲಭವೆಂದರೆ, ಇಷ್ಟು ವರ್ಷ ಮಾಡದೆ ಇದ್ದುದಕ್ಕೆ ನಾಚಿಕೆಯಾಗುವಷ್ಟು. ಬಚ್ಚಲೊಲೆಗೆ ರಜೆ ಕೊಟ್ಟು ಮಾಡಿನ ಮೇಲೆ ಸೋಲಾರ್ ಕೂರಿಸಿದೆವು. ಸೊಳ್ಳೆಬತ್ತಿಯ ಬದಲು ಪರದೆ ಬಂತು. ಥಂಡಿಗೆ ಹೆದರಿ ಎಂದೋ ಮೊಳೆ ಹೊಡೆದು ಮುಚ್ಚಿದ್ದ ಹಿಂದಿನ ಕೋಣೆಯ ಕಿಟಕಿಗಳನ್ನು ನನ್ನ ಗಂಡ ಕಿತ್ತು ತೆರೆದರು. ಒಳಗಿನ ಗೋಡೆಯ ಬೂಷ್ಟು ಒಂದು ಬೇಸಿಗೆಯಲ್ಲಿ ಒಣಗಿ ಉದುರಿತು. ಕಣ್ಣುರಿಸುವ ಫಿನಾಯಿಲು ಹೋಗಿ, ಅಜ್ಜಿಯ ಕಾಲದ ಅಂಟುವಾಳಕಾಯಿ ಮರಳಿ ಬಂತು. ಹಾಸಿಗೆಗಳು ಬಿಸಿಲು ಕಂಡವು. ಹಣ್ಣು ತರಕಾರಿಯ ಸಿಪ್ಪೆ ಹಿತ್ತಲಿನ ಗುಂಡಿಗೆ, ಪ್ಲಾಸ್ಟಿಕ್ಕು ತೊಳೆದು ಒಣಗಿಸಿ ಬೆಳಗಿನ ಕಸದ ಗಾಡಿಗೆ. ಹಾಲನ್ನು ದನ ಸಾಕಿದವರ ಮನೆಯಿಂದ ಸ್ಟೀಲಿನ ಕ್ಯಾನಿನಲ್ಲೇ ತರತೊಡಗಿದೆವು. ಗಿರಿಜಕ್ಕ ತಮ್ಮ ಹಳೆಯ ಸೀರೆಗಳನ್ನು ಹರಿದು ಅಂಗಡಿಯ ಚೀಲಗಳನ್ನು ಹೊಲಿದರು.

ಮನೆಗೆ ಮೊದಲು ವಾಸಿಯಾಯಿತು, ಆಮೇಲೆ ಅವರಿಗೆ. ಮೆಟ್ಟಿಲು ಹತ್ತಿ ಬಟ್ಟೆ ಒಣಹಾಕುವಷ್ಟಾದರು. ಒಂದು ಬೆಳಿಗ್ಗೆ ತೆಂಗಿನಕಾಯಿ ತುರಿಯುತ್ತ ಅವರಿಗೇ ಗೊತ್ತಿಲ್ಲದಂತೆ ಒಂದು ನುಡಿ ಗುನುಗಿದರು. ನಾನು ಮಿಕ್ಸಿಯನ್ನು ನಿಲ್ಲಿಸಿ ಕೇಳಿಸಿಕೊಂಡೆ. ಅಂದಿನ ಸಂತೋಷವನ್ನು ನೆನೆದರೆ ಇವತ್ತಿಗೂ ಬಾಯಿ ಕಹಿಯಾಗುತ್ತದೆ, ಯಾಕೆಂದರೆ ಕೆಲಸ ಮುಗಿಯಿತೆಂದು ನಾನು ನಂಬಿಬಿಟ್ಟಿದ್ದೆ.

ಪತ್ರಿಕೆಯ ಪುರವಣಿಗಳಲ್ಲಿ ನೀವೂ ಓದಿರುತ್ತೀರಿ, ಮನೆಯನ್ನು ನಿರ್ಮಲವಾಗಿಡುವ ಸರಳ ಸೂತ್ರಗಳು ಎಂದು. ನಾವು ಮಾಡಿದ್ದೆಲ್ಲವೂ ಅವುಗಳಲ್ಲಿರುತ್ತದೆ. ಆದರೆ ಅದನ್ನು ಬರೆಯುವವರಿಗೆಲ್ಲ ಒಂದು ಮುಗ್ಧ ನಂಬಿಕೆ: ಮನೆಯೆಂಬುದು ಗೋಡೆಗೆ ಮುಗಿಯುತ್ತದೆಂದು. ನೆರೆಹೊರೆ ಎಂಬ ಮಾತನ್ನು ಬಿಡಿಸಿ ನೋಡಿ. ನೆರೆ ಎಂದರೆ ಉಕ್ಕಿ ಬರುವ ನೀರು, ಹೊರೆ ಎಂದರೆ ಹೊತ್ತುಕೊಳ್ಳಬೇಕಾದ ಭಾರ. ಪದ ಹುಟ್ಟಿಸಿದವರ ಮನಸ್ಸಿನಲ್ಲಿ ಈ ಅರ್ಥ ಇರಲಿಲ್ಲವೇನೋ. ನನ್ನ ಮನಸ್ಸಿನಿಂದ ಈಗ ಅದು ಹೋಗುವುದಿಲ್ಲ.

ನಮ್ಮ ನೆರೆಮನೆಯವರು ಶ್ರೀಪಾದಣ್ಣ. ನಿವೃತ್ತರು, ಸಜ್ಜನರು. ಅವರ ಅಂಗಳವನ್ನು ನೀವು ನೋಡಬೇಕು. ಒಂದು ತರಗೆಲೆ ಬಿದ್ದರೆ ಅದಕ್ಕೇ ಸಂಕೋಚವಾಗುವಂಥ ಅಂಗಳ. ದಿನವೂ ಸಂಜೆ ಕಾಫಿ ಕುಡಿದ ಮೇಲೆ ಅವರು ಹಿಡಿಸೂಡಿ ಹಿಡಿದು ಗುಡಿಸಲು ಇಳಿಯುತ್ತಾರೆ. ಹಲಸಿನ ಎಲೆ, ಚಿಪ್ಸಿನ ಪೊಟ್ಟಣ, ಮಾತ್ರೆಯ ಹಾಳೆ, ಥರ್ಮೋಕೋಲು, ಹರಿದ ಚಪ್ಪಲಿ, ಎಲ್ಲವೂ ಭೇದವಿಲ್ಲದೆ ಬೇಲಿಯ ಮೂಲೆಯಲ್ಲಿ ಒಂದೇ ರಾಶಿಯಾಗುತ್ತವೆ. ಅದಕ್ಕೊಂದು ಕಡ್ಡಿ ಗೀರಿ, ಕೈ ಹಿಂದೆ ಕಟ್ಟಿಕೊಂಡು, ಉರಿಯುವುದನ್ನು ನೋಡುತ್ತ ನಿಲ್ಲುತ್ತಾರೆ. ಪೂಜೆ ಮುಗಿಸಿದವರ ತೃಪ್ತಿ ಮುಖದಲ್ಲಿ. ಅವರ ಕಸ ಅಲ್ಲಿಗೆ ಮುಗಿಯುತ್ತದೆ. ನಾವು ಕಿತ್ತು ತೆರೆದ ಕಿಟಕಿಗಳು ಅದೇ ಮೂಲೆಗೆ ಮುಖ ಮಾಡಿದ್ದವು.

ಮೊದಲ ಸಲ ಹೋಗಿ ಹೇಳಿದಾಗ ಅವರು ನಿಜಕ್ಕೂ ನೊಂದುಕೊಂಡರು. ಮೊದಲೇ ಹೇಳಬಾರದಿತ್ತೇ ಎಂದರು. ಕೆಲವು ದಿನ ಬೆಂಕಿ ಕಾಣಲಿಲ್ಲ. ಆಮೇಲೆ ರಾಶಿ ಸ್ವಲ್ಪ ಹಿಂದಕ್ಕೆ ಸರಿದು ಪಪ್ಪಾಯಿ ಗಿಡದ ಮರೆಯಲ್ಲಿ ಉರಿಯತೊಡಗಿತು. ನಮ್ಮ ಕಣ್ಣಿಗೆ ಬೀಳದಿದ್ದರೆ ನಮ್ಮ ಮೂಗಿಗೂ ಬೀಳದೆಂದು ಅವರು ಭಾವಿಸಿದಂತಿತ್ತು. ಗಿರಿಜಕ್ಕ ಸಂಜೆಯಾಗುತ್ತಿದ್ದಂತೆ ಕಿಟಕಿ ಮುಚ್ಚಲು ಶುರುಮಾಡಿದರು.

ಒಂದು ಬೆಳಿಗ್ಗೆ ಗಿರಿಜಕ್ಕ, ಹಿಂದಿನ ಸಂಜೆಯ ದಟ್ಟ ಹೊಗೆಯನ್ನು ಕುಡಿದು ಮಲಗಿದ್ದವರು, ಏಳಲಾರದೆ ಮಂಚದ ಅಂಚಿನಲ್ಲಿ ಕೂತು ಗಾಳಿಗಾಗಿ ಬಾಯಿ ತೆರೆಯುತ್ತಿದ್ದರು. ತುಟಿ ನೀಲಿಗಟ್ಟಿತ್ತು. ನನ್ನ ಗಂಡ ಕೆಲಸದ ಮೇಲೆ ಶೃಂಗೇರಿಗೆ ಹೋಗಿದ್ದರು. ನನ್ನ ಕೂಗು ಕೇಳಿ ಮೊದಲು ಓಡಿ ಬಂದವರು ಯಾರೆಂದುಕೊಂಡಿರಿ? ಶ್ರೀಪಾದಣ್ಣನೇ. ಉಟ್ಟ ಪಂಚೆಯಲ್ಲೇ ಕಾರು ತೆಗೆದರು, ಗಿರಿಜಕ್ಕನನ್ನು ಮಗುವಿನಂತೆ ಎತ್ತಿ ಕೂರಿಸಿದರು, ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿ ಉಸಿರು ಹದಕ್ಕೆ ಬರುವವರೆಗೆ ಹೊರಗಿನ ಬೆಂಚಿನಲ್ಲಿ ತಿಂಡಿಯನ್ನೂ ತಿನ್ನದೆ ಕೂತರು. ಆ ದಿನ ಅವರಿಲ್ಲದಿದ್ದರೆ ಗಿರಿಜಕ್ಕ ಉಳಿಯುತ್ತಿರಲಿಲ್ಲ. ಇದನ್ನು ನಾನು ಬರೆಯಲೇಬೇಕು. ಅವರು ಕೆಟ್ಟವರಾಗಿದ್ದರೆ ನನ್ನ ಕಷ್ಟ ಎಷ್ಟು ಹಗುರಾಗುತ್ತಿತ್ತು!

ಅದೇ ಸಂಜೆ ಗಿರಿಜಕ್ಕನಿಗೆ ಬಟ್ಟೆ ಒಯ್ಯಲು ನಾನು ಮನೆಗೆ ಬಂದಾಗ, ಪಪ್ಪಾಯಿ ಗಿಡದ ಹಿಂದಿನಿಂದ ಹೊಗೆ ಏಳುತ್ತಿತ್ತು.

ಬೇಲಿಯ ಹತ್ತಿರ ಹೋದೆ. ಬೆಳಗಿನಿಂದ ಬಿದ್ದ ಎಲೆ ಸೇರಿತ್ತು, ಬಿಟ್ಟರೆ ಹಾವು ಬಂದು ಸೇರಿಕೊಳ್ಳುತ್ತದೆ ಎಂದರು ಶ್ರೀಪಾದಣ್ಣ. ಎಲೆಯನ್ನು ಗಿಡದ ಬುಡಕ್ಕೆ ಹಾಕಬಹುದು, ಪ್ಲಾಸ್ಟಿಕ್ಕನ್ನು ಗಾಡಿಗೆ ಕೊಡಬಹುದು, ನಾನೇ ದಿನವೂ ಬಂದು ಒಯ್ದು ಕೊಡುತ್ತೇನೆ ಎಂದೆ. ನನ್ನ ದನಿ ಏರಿತ್ತೋ ಏನೋ, ಅವರ ಹೆಂಡತಿ ವಿಮಲಾ ಒಳಗಿನಿಂದ ಬಂದರು. ಗಂಡ ಬೆಳಗಿನಿಂದ ಪಟ್ಟ ಪಾಡನ್ನು ಕಣ್ಣಾರೆ ಕಂಡವರು ಅವರು.

"ಬೆಳಿಗ್ಗೆ ಕಾರು ಬೇಕಾಯ್ತು, ಸಂಜೆ ನಮ್ಮ ಹಿತ್ತಲೂ ಬೇಕಾಯ್ತಾ ಸಾವಿತ್ರಿ?" ಎಂದರು.

ಉಪಕಾರದ ಎದುರು ನ್ಯಾಯಕ್ಕೆ ಬಾಯಿಲ್ಲ. ಹೊಗೆಗೂ ಹಗೆಗೂ ಒಂದು ಸ್ವರದ ವ್ಯತ್ಯಾಸವೆಂದು ಶಾಲೆಯಲ್ಲಿ ಕಾಗುಣಿತ ಕಲಿತಾಗಲೇ ಗೊತ್ತಿರಬೇಕಿತ್ತು. ಆ ಬೇಲಿಯ ಬಳಿ ನಿಂತಾಗ ಅರ್ಥವಾಯಿತು.

ಆಸ್ಪತ್ರೆಯಿಂದ ಬಂದ ಗಿರಿಜಕ್ಕನಿಗೆ ಇದು ಹೇಗೋ ತಿಳಿಯಿತು. ಪಂಚಾಯಿತಿ ಕಚೇರಿಗೊಂದು ದೂರು ಕೊಡೋಣವೆಂದು ನನ್ನ ಗಂಡ ಹೊರಟಾಗ ಅವರು ತಡೆದರು. ಕಾರಿನಲ್ಲಿ ಕೂರಿಸಿಕೊಂಡು ಹೋದವರ ಮೇಲೆ ದೂರು ಕೊಟ್ಟು ಬದುಕುವ ಬದುಕು ತನಗೆ ಬೇಡವೆಂದರು. ನನ್ನನ್ನು ಪಕ್ಕಕ್ಕೆ ಕರೆದು, ಮಾತಿನ ನಡುವೆ ನಿಂತು ಉಸಿರೆಳೆದುಕೊಳ್ಳುತ್ತ, "ಇಲ್ಲಿ ಇರಬೇಕಾದವಳು ನೀನು, ಮಾರಾಯ್ತಿ. ಅವರ ಮುಖ ದಿನಾ ನೋಡ್ಬೇಕಲ್ಲ. ನಂದೆಂತ, ನಾನು ಎಲ್ಲಾದ್ರೂ ಇರ್ತೆ," ಎಂದರು.

ಎಲ್ಲಾದರೂ ಎಂದರೆ ನರಸಿಂಹರಾಜಪುರ. ಅವರ ಮೈದುನನ ಮನೆ ಅಲ್ಲಿ ಊರಿನ ಹೊರಗೆ, ಭದ್ರಾ ಹಿನ್ನೀರಿನ ಗಾಳಿ ನೇರ ಬಂದು ತಟ್ಟುವ ಜಾಗದಲ್ಲಿದೆ. ಒಳ್ಳೆಯ ಜನ, ಒಂದು ಕೋಣೆ ಬಿಟ್ಟುಕೊಟ್ಟರು, ಮರ್ಯಾದೆಯಿಂದ ನೋಡಿಕೊಳ್ಳುತ್ತಾರೆ. ಮರ್ಯಾದೆಯಿಂದ ನೋಡಿಕೊಳ್ಳುವುದೆಂದರೆ ಏನೆಂದು ಬೇರೆಯವರ ಮನೆಯಲ್ಲಿ ಇದ್ದವರಿಗೆ ಗೊತ್ತು: ಕೆಲಸ ಹೇಳುವುದಿಲ್ಲ, ಜಗಳವಾಡುವುದಿಲ್ಲ, ಸಾರಿಗೆ ಉಪ್ಪು ಸಾಕಾ ಎಂದು ಕೇಳುವುದಿಲ್ಲ. ನಾನು ಹೋದಾಗಲೆಲ್ಲ ಗಿರಿಜಕ್ಕ ಇಸ್ತ್ರಿ ಮಾಡಿದ ಸೀರೆಯಲ್ಲಿ ಜಗಲಿಯ ಕುರ್ಚಿಯ ಮೇಲೆ ಕೂತಿರುತ್ತಾರೆ. ಉಸಿರೇನೋ ಸಲೀಸಾಗಿದೆ. ಆದರೆ ಹೋದದ್ದು ಮರಳಿ ಬರಲಿಲ್ಲ. ನಾಲ್ಕು ಮೆಟ್ಟಿಲಿಗೆ ಒಮ್ಮೆ ನಿಲ್ಲಬೇಕು. ತೆಂಗಿನಕಾಯಿ ತುರಿಯುವಾಗಿನ ಗುನುಗು ಅಲ್ಲಿ ಬಂದಿಲ್ಲ. ತುರಿಯಲು ಅಲ್ಲಿ ಅವರಿಗೆ ಯಾರೂ ಹೇಳುವುದೂ ಇಲ್ಲ. ಮನೆಯನ್ನು ಆರೋಗ್ಯವಾಗಿ ಮಾಡಿದ್ದು ಯಾರಿಗಾಗಿಯೋ, ಅವರೊಬ್ಬರನ್ನು ಬಿಟ್ಟು ನಾವೆಲ್ಲ ಈಗ ಆ ಮನೆಯಲ್ಲಿ ಆರೋಗ್ಯವಾಗಿದ್ದೇವೆ.

ಕಳೆದ ಬೇಸಿಗೆಯಲ್ಲಿ ಶ್ರೀಪಾದಣ್ಣನ ಮಗಳ ಮದುವೆ ಗೊತ್ತಾಯಿತು. ಹಸೆಯ ಹಾಡಿಗೆ ಗಿರಿಜಕ್ಕನೇ ಆಗಬೇಕೆಂದು ಅವರಿಗೆ ಹಟ. ಫೋನಿನಲ್ಲಿ ಕರೆದರೆ ಮರ್ಯಾದೆಯಲ್ಲವೆಂದು, ಗಂಡಹೆಂಡತಿ ಕಾರಿನಲ್ಲಿ ನರಸಿಂಹರಾಜಪುರಕ್ಕೇ ಹೋಗಿ ಅಕ್ಷತೆ ಕೊಟ್ಟು ಬಂದರು. ಗಿರಿಜಕ್ಕ ವಿಮಲೆಯ ಕೈ ಹಿಡಿದುಕೊಂಡು ಮಗಳನ್ನು ಹರಸಿದರಂತೆ. ಹಾಡಲು ಉಸಿರು ಸಾಲದು, ಮನಸ್ಸಿನಲ್ಲೇ ಹಾಡುತ್ತೇನೆ ಎಂದರಂತೆ. ಒಳಗಿನಿಂದ ಕಾಫಿ ತರುವಷ್ಟರಲ್ಲೇ ಗಿರಿಜಕ್ಕ ಗೋಡೆ ಹಿಡಿದು ನಿಂತದ್ದನ್ನು ಗಂಡಹೆಂಡತಿ ಕಂಡಿದ್ದರು. ಅಂದೇ ಸಂಜೆ ಶ್ರೀಪಾದಣ್ಣ ನಮ್ಮ ಜಗಲಿಗೆ ಬಂದು ಕೂತರು. ಅವರ ಕಣ್ಣು ನಿಜವಾಗಿಯೂ ತೇವವಾಗಿತ್ತು.

"ಪಾಪ, ಆ ಊರಿನ ಹವೆ ಅವರಿಗೆ ಒಗ್ಗೂದಿಲ್ಲ ಅಂತ ಕಾಣ್ತದೆ ಸಾವಿತ್ರಿ. ಇಲ್ಲಿಗೇ ಕರ್ಕೊಂಡು ಬನ್ನಿ."

ಇಷ್ಟು ದಿನ ಗಿರಿಜಕ್ಕ ನನ್ನ ಬಾಯಿಗೆ ಹಾಕಿದ್ದ ಬೀಗ ಆಗ ತಾನಾಗಿ ಕಳಚಿತು. ನಾನು ಕೂಗಲಿಲ್ಲ. ಅವರು ಹೋದದ್ದು ಯಾಕೆ, ಆಸ್ಪತ್ರೆಗೆ ಹೋದ ಬೆಳಿಗ್ಗೆಯ ಹಿಂದಿನ ಸಂಜೆ ಏನು ಉರಿದಿತ್ತು, ಡಾಕ್ಟರು ಏನು ಹೇಳಿದ್ದರು, ಎಲ್ಲವನ್ನೂ ಒಂದೊಂದಾಗಿ ಹೇಳಿದೆ. ಶ್ರೀಪಾದಣ್ಣ ತಲೆ ತಗ್ಗಿಸಿ ಕೊನೆಯವರೆಗೂ ಕೇಳಿದರು. ಎದ್ದು ಹೋಗುವಾಗ ಚಪ್ಪಲಿ ಮೆಟ್ಟಿಕೊಳ್ಳುವುದಕ್ಕೂ ತಡವರಿಸಿದರು. ಮನುಷ್ಯನಿಗೆ ತಟ್ಟಿತು ಎಂದುಕೊಂಡೆ. ತಟ್ಟಿತ್ತು ಕೂಡ.

ಮದುವೆ ಚೆನ್ನಾಗಿಯೇ ಆಯಿತು. ಹಸೆಯ ಹಾಡನ್ನು ಯಾರದೋ ಫೋನಿನಿಂದ ಸ್ಪೀಕರಿಗೆ ಹಚ್ಚಿದರು. ಮಾರನೆಯ ದಿನ ಚಪ್ಪರ ಬಿಚ್ಚಿದ ಮೇಲೆ ಪ್ಲಾಸ್ಟಿಕ್ಕಿನ ಹೂವು, ಲೋಟ, ತಟ್ಟೆ, ಹೆಸರು ಕೊರೆದ ಥರ್ಮೋಕೋಲು ಎಲ್ಲ ಸೇರಿ ಬೇಲಿಯ ಮೂಲೆಯಲ್ಲಿ ಆಳೆತ್ತರದ ರಾಶಿಯಾಯಿತು. ಶ್ರೀಪಾದಣ್ಣ ಬೆಂಕಿಪೊಟ್ಟಣ ಹಿಡಿದು ಅದರ ಮುಂದೆ ತುಸು ಹೊತ್ತು ನಿಂತರು. ನಾನು ಅಡುಗೆಮನೆಯಿಂದ ನೋಡುತ್ತಿದ್ದೆ. ಅವರು ತಿರುಗಿ ನನ್ನನ್ನು ಕಂಡರು, ಬೇಲಿಯವರೆಗೆ ನಡೆದು ಬಂದರು, ಎಂದಿಗಿಂತ ಮೃದುವಾಗಿ ಹೇಳಿದರು:

"ಸ್ವಲ್ಪ ಕಿಟಕಿ ಹಾಕ್ಕೊಳ್ಳಿ ಸಾವಿತ್ರಿ. ಬೆಂಕಿ ಕೊಡ್ತಾ ಇದ್ದೇನೆ."

ಅಂದಿನಿಂದ ಒಂದು ಸಂಜೆಯೂ ಅವರು ಇದನ್ನು ಹೇಳದೆ ಕಡ್ಡಿ ಗೀರಿದ್ದಿಲ್ಲ.