ಒರಳಿನ ಜೊತೆ ಬಂದ ನೆಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಊರಿಗಾಂನ ಗಣಿ ಕಾರ್ಮಿಕರ ಹಳೆಯ ಲೈನ್ ಮನೆಯ ಅಡುಗೆಕೋಣೆಯಲ್ಲಿ ಮುನಿಶಾಮಿ ಕುಕ್ಕರಗಾಲಿನಲ್ಲಿ ಕೂತು, ಕಲ್ಲು ಕೊಯ್ಯುವ ಮಿಷನ್ನಿನ ಡೈಮಂಡ್ ಬ್ಲೇಡನ್ನು ಕಿಟಕಿಗೆ ಹಿಡಿದು ತಿರುಗಿಸಿ ನೋಡುತ್ತಿದ್ದಾರೆ. ಕೂದಲೆಳೆಯಷ್ಟು ಬಿರುಕು ಕಂಡರೂ ಅದು ಗುಜರಿಗೆ. ಅಂಚಿನಲ್ಲಿ ಹಲ್ಲಿರುವ ಬ್ಲೇಡು ಬೇಗ ಕೊಯ್ಯುತ್ತದೆ, ಆದರೆ ಚಕ್ಕೆ ಎಬ್ಬಿಸುತ್ತದೆ. ಇಲ್ಲಿರುವುದು ಕೆಂಪು ಗಾರೆಯ ನೆಲ, ಅದಕ್ಕೆ ನುಣುಪು ಅಂಚಿನದೇ ಆಗಬೇಕು.

ಆ ನೆಲದಲ್ಲಿ ಹೂತಿರುವುದು ಅಶ್ವತ್ಥಮ್ಮನವರ ಒರಳು. ಮದುವೆಯಾಗಿ ಬಂದಾಗಿನಿಂದ ಅವರು ರುಬ್ಬಿದ್ದೆಲ್ಲ ಇದರಲ್ಲೇ. ಸೂರು ಕುಸಿದ ಮೇಲೆ ಬಂಗಾರಪೇಟೆಯ ಮಗಳ ಮನೆ ಸೇರಿದ್ದಾರೆ. ಅಲ್ಲಿ ಯಾವುದಕ್ಕೂ ಕೊರತೆಯಿಲ್ಲ, ಆದರೂ ದಿನಾ ಒಂದೇ ರಾಗ: "ನನ್ನ ಒರಳು ಯಾವಾಗ ತತ್ತೀಯೇ?" ಒಡೆದರೆ ಇಂಥದ್ದು ಇನ್ನೊಂದು ಸಿಗುವುದಿಲ್ಲ.

ಗಣಿಯ ಸೈರನ್ ಕೂಗಿದರೆ ಈ ಸಾಲಿನ ಒಲೆಗಳೆಲ್ಲ ಒಟ್ಟಿಗೆ ಹೊತ್ತುತ್ತಿದ್ದ ಕಾಲ ಮುನಿಶಾಮಿಗೆ ಚೆನ್ನಾಗಿ ನೆನಪಿದೆ. ಮನೆಮನೆಯಿಂದ ಒರಳಿನ ಸದ್ದು, ತೆಂಗಿನಕಾಯಿ ಚಟ್ನಿಯ ವಾಸನೆ. ಈಗ ಗಣಿ ಮುಚ್ಚಿದೆ; ಊರು ಬಿಡುವವರು ಒರಳು ಕಿತ್ತುಕೊಡಲು ಅವರನ್ನೇ ಹುಡುಕಿಕೊಂಡು ಬರುತ್ತಾರೆ. 

ನೆಲ ನೆನೆಸಲು ಚೊಂಬಿನಿಂದ ನೀರು ಸುರಿದರೆ, ಒರಳಿನ ಪಕ್ಕದ ಸಣ್ಣ ತಗ್ಗಿನಲ್ಲಿ ಅದು ನಿಲ್ಲುತ್ತದೆ. ಮುನಿಶಾಮಿ ಅದನ್ನು ನೋಡಿ, ಆ ತಗ್ಗೂ ಒಳಗೆ ಬರುವಂತೆ ಸುತ್ತ ಗೆರೆ ಎಳೆಯುತ್ತಾರೆ. ಒಣ ನೆಲ ಕೊಯ್ಯುವ ಮಾತೇ ಇಲ್ಲ. "ನಮ್ಮಪ್ಪ ಗಣೀಲಿ ಧೂಳು ಕುಡ್ದೇ ಓದ್ರು. ರಾತ್ರಿಯೆಲ್ಲಾ ಕೆಮ್ಮೋದು ಕೇಳಿದೀನಿ. ನಂಗೆ ಆ ಸಾವು ಬ್ಯಾಡ," ಎನ್ನುತ್ತಾ ಮಾಸ್ಕು, ಕನ್ನಡಕ ಹಾಕಿಕೊಳ್ಳುತ್ತಾರೆ.

ಒರಳು ಒಯ್ಯಲು ಬಂದಿರುವ ಅಶ್ವತ್ಥಮ್ಮನವರ ಮಗಳು ಶಶಿರೇಖಗೆ ಆತುರ. "ಮುನಿಶಾಮಣ್ಣ, ಒರಳಿಗೆ ಒತ್ತಿಸ್ಕೊಂಡೇ ಕುಯ್ದುಬಿಡು. ಬ್ಲೇಡಿನ ಮೇಲಿನ ಆ ಗಾರ್ಡು ಬಿಚ್ಚಿದ್ರೆ ಆಗ್ತದಂತಲ್ಲ. ನೆಲ ಯಾಕೆ ಹೊತ್ಕೊಂಡು ಓಗೋದು?"

"ಗಾರ್ಡು ಬಿಚ್ಚಲ್ಲಕ್ಕ. ಬ್ಲೇಡು ಕಚ್ಕೊಂಡ್ರೆ ಮಿಷನ್ನು ಮೊಕಕ್ಕೇ ಎಗರ್ತದೆ. ಒರಳಿಗೆ ತಾಗಿದ್ರೆ ಅದೂ ಸೀಳ್ತದೆ. ಒಂದು ಗೇಣು ಬಿಟ್ಟು ಕುಯ್ತೀನಿ."

"ಭಾರ ಯಾರು ಹೊರೋದು?"

"ನಾನೂ ಒಂದು ಕೈ ಕೊಡ್ತೀನಿ ಬುಡಕ್ಕ."

ನೀರಿನ ಪೈಪಿರುವ ಮಿಷನ್ನು ಮೊದಲು ಗಾಳಿಯಲ್ಲೇ ತಿರುಗುತ್ತದೆ. ಸದ್ದಿನಲ್ಲಿ ನಡುಕವಿಲ್ಲ. ಆಮೇಲೆ ಗೆರೆಯ ಮೇಲೆ ನೆಟ್ಟಗೆ, ಮೆಲ್ಲಗೆ, ಸ್ವಲ್ಪಸ್ವಲ್ಪವೇ ಆಳಕ್ಕೆ. ಕೆಂಪು ನೀರು ಬಚ್ಚಲಿನತ್ತ ಹರಿಯುತ್ತದೆ. ನಾಲ್ಕೂ ಬದಿ ಕೊಯ್ದು, ಅಡಿಯ ಮಣ್ಣನ್ನು ಹಾರೆಯಿಂದ ಸಡಿಲಿಸಿದರೆ ಒರಳು ತನ್ನ ಸುತ್ತಲಿನ ನೆಲದ ಸಮೇತ ಮೇಲೇಳುತ್ತದೆ. ಅದನ್ನು ಟೆಂಪೋಗೆ ಹೇರಿ ಹೊರಟರೆ, ಶಶಿರೇಖ ದಾರಿಯುದ್ದಕ್ಕೂ ಗೊಣಗುತ್ತಾರೆ.

ಬಂಗಾರಪೇಟೆಯ ಹಿತ್ತಲಿನಲ್ಲಿ ಅದನ್ನು ಇಳಿಸುವ ಹೊತ್ತಿಗೆ ಬಿಸಿಲೇರಿದೆ. ಅಶ್ವತ್ಥಮ್ಮ ಗೋಡೆ ಹಿಡಿದು ಬಂದು, ಒರಳಿನ ಮುಂದೆ ಮಣೆ ಹಾಕಿಸಿಕೊಂಡು ಕೂರುತ್ತಾರೆ. ಬಲಗಾಲು ಚಾಚುತ್ತಾರೆ. ಹಿಮ್ಮಡಿ ಹೋಗಿ ಆ ಕೆಂಪು ನೆಲದ ತಗ್ಗಿನಲ್ಲಿ ಸರಿಯಾಗಿ ಕೂರುತ್ತದೆ. ಅಷ್ಟು ವರ್ಷ ರುಬ್ಬುವಾಗ ಕಾಲೂರಿ ಸವೆಸಿದ ಜಾಗ ಅದು.

ಅಜ್ಜಿ ಅಂಗೈಯಿಂದ ನೆಲ ಸವರುತ್ತಾರೆ. ಗೊಣಗುತ್ತಿದ್ದ ಶಶಿರೇಖ ಸೆರಗಿನಿಂದ ಕಣ್ಣೊರೆಸಿಕೊಂಡು, ಅಕ್ಕಿ ನೆನೆಹಾಕಲು ಒಳಗೆ ಹೋಗುತ್ತಾರೆ.

"ಇದನ್ನೂ ತಂದ್ಯೇನಪ್ಪಾ ಮುನಿಶಾಮಿ?"

ಮುನಿಶಾಮಿ ಬ್ಲೇಡು ಒರೆಸಿ, ಬಟ್ಟೆಯಲ್ಲಿ ಸುತ್ತುತ್ತಿದ್ದಾರೆ.

"ನಂದೇನೈತಮ್ಮ. ಸವೆಸಿದ್ದು ನೀವು. ನಾನು ಸುತ್ತ ಕುಯ್ದೆ, ಅಷ್ಟೆ."