ಅಕ್ಕನ ಬಿಳುಪು

ನಮ್ಮ ಅಕ್ಕ ಹುಟ್ಟಾ ಕಪ್ಪು. ಹದಿನಾರು ತುಂಬುವ ಹೊತ್ತಿಗೆ ಬೆಳ್ಳಗಾಗತೊಡಗಿದಳು. ಎರಡನೇ ಮಹಾಯುದ್ಧ ನಡೆದಿದ್ದ ವರ್ಷಗಳವು. ಓಣಿಯ ಹೆಂಗಸರು "ಏನ್ ಬಣ್ಣ ಬಂದೈತಬೇ ನಿನ್ನ ಮಗಳಿಗೆ!" ಎಂದರೆ ಅವ್ವ ಉಬ್ಬಿಹೋಗುತ್ತಿದ್ದಳು. ಸಂಜೆ ದೃಷ್ಟಿ ತೆಗೆದು ಒಲೆಗೆ ಮೆಣಸಿನಕಾಯಿ ಹಾಕುತ್ತಿದ್ದಳು. ಅಕ್ಕ ಕದ್ದು ಗೋಡೆಯ ಮಣ್ಣು ಕೆರೆದು ತಿನ್ನುವುದು, ಭತ್ತದ ಸಸಿ ಹೊತ್ತು ನಾಲ್ಕು ಹೆಜ್ಜೆ ಇಡುವುದರೊಳಗೆ ಬದುವಿನ ಮೇಲೆ ಕೂತು ಏದುಸಿರು ಬಿಡುವುದು ತಂಗಿಯಾದ ನನಗೆ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಆ ಮಣ್ಣಿನಲ್ಲಿ ನನಗೂ ಪಾಲು ಸಿಗುತ್ತಿತ್ತು.

ಸವಣೂರು ಕಡೆಯ ಬೀಗರು ಬಣ್ಣ ನೋಡಿಯೇ ಒಪ್ಪಿದರು. ಲಗ್ನಕ್ಕೆ ಹದಿನೈದು ದಿನವಿದ್ದಾಗ ಅಕ್ಕ ಬಾವಿಯ ಹತ್ತಿರ ಕಣ್ಣು ಕತ್ತಲೆಗಟ್ಟಿ ಬಿದ್ದಳು. ಅಪ್ಪ ಚಕ್ಕಡಿ ಕಟ್ಟಿ ಹಾನಗಲ್ಲಿನ ದವಾಖಾನೆಗೆ ಕರೆದೊಯ್ದ. ಅವ್ವನೂ ನಾನೂ ಹೋದೆವು. ಡಾಕ್ಟರು ಅಕ್ಕನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು.

"ಇದು ಬಣ್ಣ ಅಲ್ರೀ, ಮೈಯಾಗ ರಕ್ತ ಇಲ್ಲ. ಹೊಟ್ಟ್ಯಾಗ ಹುಳ ಕುಂತು ಕುಡ್ಯಾಕತ್ತಾವ. ಗದ್ದಿ ಬದುವಿನ ಮ್ಯಾಲೇ ಬಯಲಕಡೆ ಕುಂದರ್ತೀರಿ, ಅದ ಕೆಸರಿನಾಗ ಬರಿಗಾಲಲೆ ಇಳೀತೀರಿ. ಮರಿಹುಳ ಅಂಗಾಲಿನಾಗಿಂದನ ಒಳಗ ಹೊಗತಾವ."

ಹುಳಕ್ಕೊಂದು, ರಕ್ತಕ್ಕೊಂದು ಔಷಧ ಕೊಟ್ಟು, ಇನ್ನು ಮುಂದೆ ಕಾಲಿಗೆ ಚಪ್ಪಲಿ ಇರಲಿ ಎಂದರು.

ದಾರಿಯುದ್ದಕ್ಕೂ ಅವ್ವ ಬೈದಳು. "ಭೂಮ್ತಾಯಿ ಮ್ಯಾಲೆ ಕೆರ ಮೆಟ್ಟಿ ಅಡ್ಡಾಡೋದ? ಅಂಥಾ ಹೊಲದಾಗ ಬೆಳಿ ಬರತೈತೇನು?" ಮನೆಗೆ ಬಂದು ಔಷಧದ ಸೀಸೆಗಳನ್ನು ಗೋಡೆಯ ಮಾಡದಲ್ಲಿ ಎತ್ತಿಟ್ಟಳು. "ಲಗ್ನ ಆಗ್ಲಿ, ಆಮ್ಯಾಲೆ ಕೊಟ್ರಾತು. ಮತ್ತ ಕಪ್ಪಾದ್ರ ಬೀಗರಿಗೆ ಏನ್ ಹೇಳೂಣು?"

ಲಗ್ನವಾಯಿತು. ಸೀಸೆಗಳು ಮಾಡದಲ್ಲೇ ಉಳಿದವು. ಮರುವರ್ಷ ಅಕ್ಕ ಚೊಚ್ಚಲ ಹೆರಿಗೆಗೆ ಬಂದಳು. ಹೋದ ರಕ್ತ ಬಹಳವೇನಲ್ಲ ಎಂದು ಸೂಲಗಿತ್ತಿ ಆಣೆ ಮಾಡಿ ಹೇಳಿದಳು. ಅಷ್ಟು ಕಳೆದುಕೊಳ್ಳಲಿಕ್ಕೂ ಅಕ್ಕನಲ್ಲಿ ರಕ್ತವಿರಲಿಲ್ಲ. ಕೂಸೂ ಉಳಿಯಲಿಲ್ಲ. ನನಗೆ ಅಳು ಬರಲಿಲ್ಲ. ಅವ್ವನ ಮೇಲೆ ಸಿಟ್ಟೂ ಬರಲಿಲ್ಲ, ನನ್ನ ಮೇಲೆ ಮಾತ್ರ ಹೇಸಿಕೆ ಬಂತು. ಮರುದಿನ ದನಗಳಿಗೆ ನೀರು ಕುಡಿಸಿದೆ, ಸಗಣಿ ಬಳಿದೆ.

ವರ್ಷ ತುಂಬುವುದರೊಳಗೆ ಅದೇ ಬೀಗರು ಅದೇ ಮಗನಿಗೆ ನನ್ನನ್ನು ಕೇಳಲು ಬಂದರು. ಅಕ್ಕನ ಅತ್ತೆ ನನ್ನ ಗದ್ದ ಹಿಡಿದೆತ್ತಿ, "ಇಕೀನೂ ಅಕ್ಕನಂಗ ಬೆಳ್ಳಗ ಅದಾಳ ನೋಡ್ರಿ" ಎಂದಳು.

ಅವ್ವ ಎದ್ದು ಬಂದು ನನ್ನ ಕೆಳರೆಪ್ಪೆ ಎಳೆದು ನೋಡಿದಳು. ಆಮೇಲೆ ಹೊರಗೆ ಹೋಗಿ ಅಪ್ಪನ ಚಪ್ಪಲಿ ಕೈಯಲ್ಲಿ ಹಿಡಿದು ತಂದು, ಬೀಗರ ಎದುರಿಗೇ ನನ್ನ ಕಾಲ ಮುಂದಿಟ್ಟಳು.

"ಮೆಟ್ಕೋ," ಎಂದಳು. "ದವಾಖಾನಿಗೆ ಹೋಗೂಣು."