ನಿಂತವರನ್ನು ಕಂಡರಾಗದ ನಾಯಿ

ನುಗ್ಗೇಹಳ್ಳಿ ಕಡೆ ಮನೆಮನೆಗೂ ಮಲೇರಿಯಾ ಔಷಧಿ ಹೊಡೆಯುವ ಕೆಲಸ ನನ್ನದು. ಒಂದು ಮನೆ ಮುಂದೆ ಪಂಪು ಹಿಡಿದು ನಿಂತೆನೋ ಇಲ್ಲವೋ, ಕಟ್ಟದೆ ಬಿಟ್ಟಿದ್ದ ಕರಿನಾಯಿ ಮೈಮೇಲೇ ಬರುವಂತೆ ಬೊಗಳತೊಡಗಿತು. ಗದರಿಸಿದರೆ ಇನ್ನೂ ಜೋರು.

ಒಳಗಿಂದ ಆ ಮನೆಯ ಅಜ್ಜಿ ಕೂಗಿದಳು: "ಅದರ ಮ್ಯಾಲ್ಯಾಕಪ್ಪ ರೇಗ್ತೀಯ? ಜಗಲಿ ಮ್ಯಾಲೆ ಕುಂತ್ಕ. ನೆಂಟ್ರು ಬಂದ್ರೆ ಕುಂತ್ಕತಾರೆ. ನಿಂತೇ ಮಾತಾಡೋರು ಸರ್ಕಾರದೋರು. ಅವರ್ನ ಕಂಡ್ರೆ ಅದಕ್ಕಾಗಕಿಲ್ಲ ಕಣಪ್ಪ."

ಕೂತೆ. ನಾಯಿ ಸುಮ್ಮನಾಯಿತು. ಔಷಧಿ ಹೊಡೆಯಲು ಎದ್ದೆ, ಮತ್ತೆ ಶುರು. ಮತ್ತೆ ಕೂತೆ.

ಅಷ್ಟರಲ್ಲಿ ತನಿಖೆಗೆಂದು ನಮ್ಮ ಇನ್‌ಸ್ಪೆಕ್ಟರು ಬಂದು ಸೈಕಲ್ ಇಳಿದರು. ಎದ್ದರೆ ನಾಯಿ, ಏಳದಿದ್ದರೆ ಸಾಹೇಬರು. ಕೂತಲ್ಲೇ ಕೈಮುಗಿದೆ. ಸಾಹೇಬರು ಬೊಗಳುವುದು ನನಗೆ ರೂಢಿಯಾಗಿತ್ತು. ಅವರು ನಿಂತುಕೊಂಡು ಬೊಗಳಿದ್ದೇ ತಪ್ಪಾಯಿತು.